ಹಿಂದಿನ ಚಕ್ರಕ್ಕೆ ತೂಕ

ಕ್ಯಾಲುಮೆಟ್, ಮಿಷಿಗನ್
ಜನವರಿ 6, 2019

ಡೆರಿಕ್,

ನೀನು ಎಸ್ಕನಾಬಾದ ಆ ಚಟ ಬಿಡಿಸುವ ಕೇಂದ್ರಕ್ಕೆ ಸೇರಿದ ಮೇಲೆ ನಾನು ಬರೆಯುತ್ತಿರುವ ಮೂರನೆಯ ಕಾಗದ ಇದು. ಮೊದಲಿನ ಎರಡಕ್ಕೆ ಉತ್ತರವಿಲ್ಲ. ಅಲ್ಲಿ ಫೋನು ಕೊಡುವುದಿಲ್ಲ, ಕಾಗದಕ್ಕೆ ಅಡ್ಡಿಯಿಲ್ಲ ಎಂದು ಆಫೀಸಿನ ಹೆಂಗಸು ಹೇಳಿದ್ದಳು. ಪೆನ್ನು ಕೊಡುತ್ತಾರೋ ಇಲ್ಲವೋ ಕೇಳಲು ಮರೆತೆ.

ಇಲ್ಲಿ ಹಿಮ ಕಿಟಕಿಯ ಅರ್ಧಕ್ಕೆ ಬಂದಿದೆ. ನಿನ್ನೆ ಮಾಡು ಹತ್ತಿ ಕೆರೆದು ಹಾಕಿದೆ. "ಬಿದ್ದು ಸೊಂಟ ಮುರ್ಕೊಂಡ್ರೆ ನನ್ ಹತ್ರ ಬರ್ಬೇಡ, ನಂಗೆ ವೃದ್ಧಾಶ್ರಮದಲ್ಲಿ ಇರೋ ಮುದುಕ್ರೇ ಸಾಕು" ಎಂದು ನಿನ್ನ ತಂಗಿ ಕ್ರಿಸ್ತಾ ಕೆಳಗೆ ನಿಂತು ಕೂಗಿದಳು. ಆಮೇಲೆ ನಿಸು ಬ್ರೆಡ್ಡು ಮಾಡಿಕೊಟ್ಟಳು. ನಿಮ್ಮಮ್ಮ ಬದುಕಿದ್ದಾಗ ನಿಸು ಬೇಯುವ ದಿನ ಮನೆಯೆಲ್ಲ ಏಲಕ್ಕಿ ಘಮ್ಮೆನ್ನುತ್ತಿತ್ತು. ಇವಳದು ಇಟ್ಟಿಗೆ. ಕಾಫಿಯಲ್ಲಿ ಅದ್ದಿಕೊಂಡು ಬಾಯಿ ಮುಚ್ಚಿ ತಿಂದೆ.

ಈಗ ವಿಷಯಕ್ಕೆ ಬರುತ್ತೇನೆ. ನಾಲ್ಕೂ ಚಕ್ರ ತಳ್ಳುವ ನಿನ್ನ ಹಳೆಯ ಸುಬಾರು ಕಾರನ್ನು ನಾನು ಹಿಂಚಕ್ರದ ಗಾಡಿ ಮಾಡುತ್ತೇನೆ. ಮುಂದಿನ ಎರಡು ಚಕ್ರಕ್ಕೂ ಎಂಜಿನ್ನಿಗೂ ಇರುವ ನಂಟು ಕಡಿದು, ಹಿಂದಿನ ಎರಡೇ ತಳ್ಳುವ ಹಾಗೆ. ಹೆಪ್ಪುಗಟ್ಟಿದ ಕೆರೆಯ ಮೇಲೆ ಗಾಡಿಯನ್ನು ಅಡ್ಡಡ್ಡ ಜಾರಿಸಿಕೊಂಡು ಓಡಿಸಬೇಕೆಂದು ನೀನು ಎಷ್ಟು ವರ್ಷ ಬೇಡಿಕೊಂಡೆ! ನಾನು ಏನೆಂದಿದ್ದೆ ನೆನಪಿದೆಯಾ? "ಈ ಹಿಮದೂರಲ್ಲಿ ಇರೋ ನಾಲ್ಕು ಚಕ್ರದಲ್ಲಿ ಎರಡನ್ನ ಬಿಸಾಕ್ತೀಯಾ? ನಾನ್ ಸತ್ಮೇಲೆ ಮಾಡ್ಕೋ ಹೋಗು." ಈಗ ನಾನೇ ಮಾಡುತ್ತೇನೆ. ನೀನು ಏಪ್ರಿಲ್ ತನಕ ಅಲ್ಲಿ ಇರು. ಕೆರೆಯ ಮಂಜುಗಡ್ಡೆ ಒಡೆಯುವ ಮುಂಚೆ ನಿನಗೆ ಓಡಿಸಲು ಒಂದು ವಾರವಾದರೂ ಸಿಗುತ್ತದೆ.

ಕಾಡಿನಲ್ಲಿ ಕಡಿದ ಮರ ನಿನ್ನ ಬೆನ್ನ ಮೇಲೆ ಬಿದ್ದದ್ದು ನಿನ್ನ ತಪ್ಪಲ್ಲ. ನೋವಿನ ಮಾತ್ರೆ ನುಂಗಿದ್ದೂ ತಪ್ಪಲ್ಲ. ಮಾತ್ರೆ ಮುಗಿದ ಮೇಲೆ ಬೀದಿಯಲ್ಲಿ ಕೊಂಡ ಆ ಪುಡಿಯ ವಿಷಯ ನಾನು ಎತ್ತುವುದಿಲ್ಲ. ಒಂದೇ ಒಂದು ಮಾತು. ಮಧ್ಯದಲ್ಲಿ ಬಿಟ್ಟು ಓಡಿ ಬರಬೇಡ. ಕಳೆದ ಅಕ್ಟೋಬರಿನಲ್ಲಿ ಹೀಗೇ ಬಿಟ್ಟು ಬಂದೆ, ಮತ್ತು ಪೆಟ್ರೋಲ್ ಬಂಕಿನ ಕಕ್ಕಸಿನ ಬಾಗಿಲು ಒಡೆದು ನಿನ್ನನ್ನು ಹೊರಗೆಳೆದವನು ನಾನು. ನಿನ್ನ ತುಟಿ ನೀಲಿಯಾಗಿತ್ತು. ಇನ್ನೊಂದು ಸಲ ಬಾಗಿಲು ಒಡೆಯುವ ಶಕ್ತಿ ನನ್ನ ಭುಜಕ್ಕಿದೆ ಮಗನೇ. ಒಳಗೆ ನೋಡುವ ಶಕ್ತಿ ನನಗಿಲ್ಲ.

ಬರೆ.

ಅಪ್ಪ


ಕ್ಯಾಲುಮೆಟ್
ಜನವರಿ 13

ಡೆರಿಕ್,

ನಿನ್ನ ಕಾಗದ ಬರಲಿಲ್ಲ. ಇರಲಿ.

ಗಾಡಿ ಕೆಟ್ಟಿತು ಎಂದು ಕಾಣುತ್ತದೆ. ಮುಂದಿನ ಎರಡು ಶಾಫ್ಟ್‌ಗಳನ್ನು ಗೇರ್‌ಬಾಕ್ಸಿನಿಂದ ಬಿಚ್ಚಿ, ತಂತಿಯಲ್ಲಿ ಮೇಲಕ್ಕೆ ಕಟ್ಟಿಟ್ಟೆ. ಇನ್ನು ಹಿಂದಿನ ಚಕ್ರ ತಾನೇ ತಳ್ಳಬೇಕು? ಎಂಜಿನ್ ಹಚ್ಚಿ, ಗೇರ್ ಹಾಕಿ, ಕ್ಲಚ್ ಬಿಟ್ಟೆ. ಎಂಜಿನ್ ಕಿರುಚಿತು, ಗಾಡಿ ಮಾತ್ರ ಮುನಿಸಿಕೊಂಡ ಮಗುವಿನ ಹಾಗೆ ಕೂತಲ್ಲೇ ಕೂತಿತು. ಒಂದಂಗುಲ ಅಲುಗಲಿಲ್ಲ. ನಾನು ಇಳಿದು ಒದ್ದೂ ನೋಡಿದೆ.

ನನಗೆ ಈ ಜಪಾನಿ ಗಾಡಿಗಳ ಮರ್ಮ ಗೊತ್ತಿಲ್ಲ. ಮುಂದಿನ ಸೋಮವಾರ ಗುಜರಿಯವನು ಈ ಕಡೆ ಬರುತ್ತಾನಂತೆ. ಕೊಟ್ಟುಬಿಡಲೇ?

ಅಪ್ಪ


ಎಸ್ಕನಾಬಾ
ಜನವರಿ 16

ಅಪ್ಪ,

ಗುಜರಿಗೆ ಕೊಟ್ಟರೆ ನೋಡು!

ಎಂಥ ಪೆದ್ದು ಕೆಲಸ ಮಾಡಿದ್ದೀಯ. ಗೇರ್‌ಬಾಕ್ಸಿನ ಬಾಲದಲ್ಲಿ ನಡುವಿನ ಡಿಫರೆನ್ಷಿಯಲ್ ಇದೆ. ಎಂಜಿನ್ನಿನ ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವುದು ಅದೇ. ಯಾವ ಕಡೆ ತಡೆಯಿಲ್ಲವೋ ಬಲವೆಲ್ಲ ಆ ಕಡೆ ಹರಿದುಹೋಗುತ್ತದೆ. ಮುಂದೆ ಶಾಫ್ಟೇ ಇಲ್ಲದ ಮೇಲೆ ಅಲ್ಲಿ ಬರೀ ಗಾಳಿ ತಿರುಗುತ್ತದೆ, ಹಿಂದಕ್ಕೆ ಏನು ಹೋಗಬೇಕು? ಅದನ್ನು ಬಿಚ್ಚಿ ಒಳಗಿನ ಹಲ್ಲುಗಳನ್ನು ವೆಲ್ಡ್ ಮಾಡಿ ಒಂದೇ ಗಟ್ಟಿ ಮಾಡು. ಆಗ ಹಂಚುವ ಆಟವೇ ಇಲ್ಲ, ಹಿಂದಿನ ಚಕ್ರ ತಿರುಗಲೇಬೇಕು. ವೆಲ್ಡ್ ಚೂರು ಒಳಗೆ ಬೀಳಬಾರದು, ಒರೆಸು, ಮತ್ತೆ ಒರೆಸು.

ನಿದ್ದೆ ಬರುತ್ತಿಲ್ಲ. ಮೂಳೆಯೊಳಗೆ ಇರುವೆ ಹರಿದಂತಾಗುತ್ತದೆ. ನನ್ನ ಕೋಣೆಯ ಇನ್ನೊಬ್ಬ ಕೋಡಿ ಎನ್ನುವವನು, ಒಳ್ಳೆಯ ಹುಡುಗ, ಗೊರಕೆ ಹೊಡೆಯುತ್ತಾನೆ. ಅವನ ಗೊರಕೆ ಕೇಳಿಕೊಂಡು ಬೆಳಗು ಮಾಡುತ್ತೇನೆ.

ಡೆರಿಕ್


ಕ್ಯಾಲುಮೆಟ್
ಜನವರಿ 27

ಡೆರಿಕ್,

ನೀನು ಹೇಳಿದ ಹಾಗೇ ವೆಲ್ಡ್ ಮಾಡಿದೆ, ಒರೆಸಿದೆ, ಮತ್ತೆ ಒರೆಸಿದೆ. ಗಾಡಿ ಚಲಿಸಿತು! ಅಂಗಳದ ತುದಿಯ ತನಕ ಹೋಗಿ, ಬಾಲ ಬೀಸಿ, ನಮ್ಮ ಹಬೆಸ್ನಾನದ ಸೌನಾ ಕೋಣೆಯ ಗೋಡೆಗೆ ಮುತ್ತಿಟ್ಟು ನಿಂತಿತು. ಗೋಡೆಗೆ ಏನೂ ಆಗಿಲ್ಲ. ಹಿಂದಿನ ದೀಪ ಹೋಯಿತು.

ಇನ್ನೂ ನೂರು ಸಂದೇಹಗಳಿವೆ. ಹಿಂದಕ್ಕೆ ತೂಕ ಎಷ್ಟು ಹಾಕಬೇಕು? ಮರಳಿನ ಮೂಟೆ ಸಾಕೇ? ತಂತಿಯಲ್ಲಿ ಕಟ್ಟಿರುವ ಶಾಫ್ಟ್ ಹಾಗೇ ನೇತಾಡಿಕೊಂಡಿರಲೇ? ಎಲ್ಲಕ್ಕೂ ಬರೆ. ನಿಧಾನವಾಗಿ ಬರೆ, ಉದ್ದಕ್ಕೆ ಬರೆ.

ಅಪ್ಪ

ಅಣ್ಣಾ, ಉಳಿದ ಜಾಗದಲ್ಲಿ ನಾನು ಕ್ರಿಸ್ತಾ ಬರೆಯುತ್ತಿದ್ದೇನೆ. ನಿನ್ನ ಕಾಗದವನ್ನು ಅಪ್ಪ ಫ್ರಿಜ್ಜಿಗೆ ಅಂಟಿಸಿದ್ದಾನೆ. ಇಸ್ಪೀಟು ಆಡಲು ಬಂದವರಿಗೆಲ್ಲ ಓದಿ ತೋರಿಸುತ್ತಾನೆ. "ನೋಡ್ರೋ, ನನ್ ಮಗ ನನ್ನನ್ನ ಪೆದ್ದ ಅಂದಿದಾನೆ!" ಅವನ ಖುಷಿ ನೋಡಿದರೆ ಬಹುಮಾನ ಬಂದಿದೆ ಎಂದುಕೊಳ್ಳಬೇಕು.


ಎಸ್ಕನಾಬಾ
ಫೆಬ್ರವರಿ 6

ಅಪ್ಪ,

ಕೋಡಿ ಸತ್ತ. ಶನಿವಾರ ಬಿಟ್ಟು ಹೋದ, ಅಮ್ಮನ ಹುಟ್ಟುಹಬ್ಬ, ನೋಡಿ ಬರ್ತೀನಿ ಎಂದ. ಅವಳ ಮನೆಯ ಬಚ್ಚಲಲ್ಲೇ ಸಿಕ್ಕನಂತೆ. ಸೋಮವಾರ ಅವನ ಹಾಸಿಗೆಗೆ ಹೊಸ ಬಟ್ಟೆ ಹಾಸಿದರು, ಮಂಗಳವಾರ ಇನ್ನೊಬ್ಬ ಬಂದು ಮಲಗಿದ. ಇಲ್ಲಿ ಹಾಸಿಗೆಗೆ ಸರದಿ ಇದೆ. ಒಬ್ಬ ಎದ್ದರೆ ಇನ್ನೊಬ್ಬ.

ಈಗ ಗೊರಕೆಯೂ ಇಲ್ಲ.

ನನ್ನಿಂದ ಆಗುತ್ತಿಲ್ಲ ಅಪ್ಪ. ಪ್ರತಿ ಗಂಟೆ ಬಾಗಿಲ ಕಡೆ ನೋಡುತ್ತೇನೆ. ಇಲ್ಲಿ ಬೀಗ ಹಾಕುವುದಿಲ್ಲ, ಅದೇ ಕಷ್ಟ. ಬೀಗವಿದ್ದರೆ ಒದ್ದುಕೊಂಡಾದರೂ ಇರುತ್ತಿದ್ದೆ.

ಗಾಡಿಯ ವಿಷಯ ಇನ್ನು ಬರೆಯಬೇಡ. ಅದನ್ನು ಓಡಿಸಬೇಕೆಂದಿದ್ದ ಆ ಹಳೆಯ ಡೆರಿಕ್ ಈಗ ಇಲ್ಲ. ಗುಜರಿಗೆ ಕೊಡು.

ಡೆರಿಕ್


ಕ್ಯಾಲುಮೆಟ್
ಫೆಬ್ರವರಿ 10

ಮಗನೇ,

ನಿನ್ನ ಕಾಗದವನ್ನು ಫ್ರಿಜ್ಜಿಗೆ ಅಂಟಿಸಲಿಲ್ಲ.

ಕೋಡಿಯ ತಾಯಿಗೆ ನಾನು ಏನೂ ಆಗಬೇಕಿಲ್ಲ, ಆದರೂ ಇಡೀ ದಿನ ಅವಳನ್ನೇ ನೆನೆಯುತ್ತ ಕೂತಿದ್ದೆ. ನೀನು ಇರು. ಬೇಡಿಕೊಳ್ಳುತ್ತೇನೆ. ಒಂದು ಸಾಲು ಬರೆ, "ಇದ್ದೇನೆ" ಎಂದು ಬರೆ, ಸಾಕು. ಅಂಚೆಯವಳು ಬರುವ ಹೊತ್ತಿಗೆ ನಾನು ದಾರಿ ಕೆರೆದು, ಪೆಟ್ಟಿಗೆಯ ಹತ್ತಿರವೇ ನಿಂತಿರುತ್ತೇನೆ. ಅವಳಿಗೂ ಈಗ ನನ್ನ ಮುಖ ನೋಡಲು ಆಗುತ್ತಿಲ್ಲ, ಪಾಪ.

ಅಪ್ಪ


ಕ್ಯಾಲುಮೆಟ್
ಫೆಬ್ರವರಿ 17

ಡೆರಿಕ್,

ನೀನು ಬರೆಯಲಿಲ್ಲ. ಗಾಡಿಯ ವಿಷಯ ಬೇಡ ಎಂದಿದ್ದೆ, ಆದರೆ ಕೆಲಸ ಮುಗಿಯಿತು, ಹೇಳದೆ ಇರಲಾಗದು.

ತಂತಿಯಲ್ಲಿ ನೇತಾಡುತ್ತಿದ್ದ ಶಾಫ್ಟ್‌ಗಳು ಕಣ್ಣಿಗೆ ಕಿರಿಕಿರಿಯಾಗುತ್ತಿದ್ದವು. ಮುಂದಿನ ಚಕ್ರದ ದೊಡ್ಡ ನಟ್ ಬಿಚ್ಚಿ, ಎರಡು ಕಡೆಯೂ ಶಾಫ್ಟನ್ನು ಬುಡಸಮೇತ ಕಿತ್ತು ಮೂಲೆಗೆ ಎಸೆದೆ. ಚಕ್ರದ ನಡುವೆ ತೂತು ಉಳಿಯಿತು. ಹಿಮ ಹೋಗದಿರಲಿ ಎಂದು ಅದಕ್ಕೊಂದು ರಬ್ಬರ್ ಬಿರಟೆ ಹೊಡೆದೆ. ಅಚ್ಚುಕಟ್ಟಾಗಿದೆ. ಗಾಡಿಯ ಭಾರವೂ ಇಳಿಯಿತು.

ಬರುವ ಶನಿವಾರ, 23ಕ್ಕೆ, ಅಗ್ನಿಶಾಮಕದವರು ಕೆರೆಯ ಮೇಲೆ ಓಟ ಇಟ್ಟಿದ್ದಾರೆ. ನೀನಂತೂ ಬೇಡ ಎಂದೆ. ಕ್ರಿಸ್ತಾ ಓಡಿಸುತ್ತಾಳೆ. ಬಾಗಿಲಿನ ಮೇಲೆ ತನ್ನ ಹೆಸರು ಆಗಲೇ ಬಳಿದುಕೊಂಡಿದ್ದಾಳೆ.

ಅಪ್ಪ


ಎಸ್ಕನಾಬಾ
ಫೆಬ್ರವರಿ 21

ಅಪ್ಪ, ಬೇಡ. ಬೇಡ. ಅವಳನ್ನು ಕೂರಿಸಬೇಡ.

ಶಾಫ್ಟನ್ನು ಬುಡಸಮೇತ ಯಾರಾದರೂ ಕೀಳುತ್ತಾರಾ? ಚಕ್ರದೊಳಗೆ ಹೊಕ್ಕಿರುವ ಆ ಹೊರಗಿನ ತುಂಡು ಇರಲೇಬೇಕು. ಶಾಫ್ಟನ್ನು ಕತ್ತರಿಸಿ ಆ ತುಂಡನ್ನು ಮಾತ್ರ ವಾಪಸು ಹಾಕಿ ನಟ್ಟನ್ನು ಜಪ್ಪಿ ಬಿಗಿಯಬೇಕು. ಚಕ್ರವನ್ನು ಹೊತ್ತಿರುವ ಬೇರಿಂಗಿನ ಎರಡು ಹೋಳುಗಳನ್ನು ಅಮುಕಿ ಹಿಡಿದಿರುವುದು ಆ ತುಂಡು, ಆ ನಟ್. ಅದಿಲ್ಲದೆ ಅಂಗಳದಲ್ಲಿ ಓಡಿಸಿದರೆ ಏನೂ ಗೊತ್ತಾಗುವುದಿಲ್ಲ. ಕೆರೆಯ ಮೇಲೆ ಜೋರಾಗಿ ತಿರುಗಿಸಿದರೆ ಬೇರಿಂಗು ಬಿಚ್ಚಿಕೊಂಡು ಚಕ್ರ ಮಲಗುತ್ತದೆ, ಗಾಡಿ ಮಗುಚುತ್ತದೆ. ಒಳಗೆ ಅವಳಿರುತ್ತಾಳೆ.

ಆಫೀಸಿನವಳ ಕೈಕಾಲು ಹಿಡಿದೆ. ಮನೆಗೆ ಫೋನು ಮಾಡಿದಳು, ಎರಡು ಸಲ. ನೀನು ಎತ್ತಲಿಲ್ಲ, ಗ್ಯಾರೇಜಿನಲ್ಲಿ ಸುತ್ತಿಗೆ ಬಡಿಯುತ್ತಿರುತ್ತೀಯ. ಕ್ರಿಸ್ತಾಳ ನಂಬರು ನನ್ನ ಫೋನಿನಲ್ಲಿದೆ, ಫೋನು ಇವರ ಬೀರುವಿನಲ್ಲಿದೆ, ಬೀರುವಿನ ಕೀಲಿಯವನು ರಜೆಯಲ್ಲಿದ್ದಾನೆ. ಈ ಕಾಗದ ಶನಿವಾರದೊಳಗೆ ಬರುತ್ತದೆ ಎಂಬ ನಂಬಿಕೆ ನನಗಿಲ್ಲ. ನಾಳೆ ಮಧ್ಯಾಹ್ನದ ಬಸ್ಸಿಗೆ ಹೊರಡುತ್ತೇನೆ. ಹಾಸಿಗೆ ಹೋಗುತ್ತದೆ, ಗೊತ್ತು. ಹೋಗಲಿ.

ಡೆರಿಕ್


ಎಸ್ಕನಾಬಾ
ಫೆಬ್ರವರಿ 24

ಕ್ರಿಸ್ತಾ,

ಅಪ್ಪ ನಿನಗೆ ಶುಕ್ರವಾರದ ಕಥೆ ಹೇಳಿರುವುದಿಲ್ಲ. "ಸ್ವಲ್ಪ ಹೊರಗ್ ಹೋಗಿದ್ದೆ" ಎಂದಿರುತ್ತಾನೆ. ನಾನು ಹೇಳುತ್ತೇನೆ ಕೇಳು.

ಶುಕ್ರವಾರ ಚೀಲ ತೆಗೆದುಕೊಂಡು ಹೊರಟೆ. ಬಸ್ಸು ಅರ್ಧ ದಾರಿಯ ಬರಾಗಾ ಊರು ತಲುಪುವಷ್ಟರಲ್ಲಿ ಗಾಳಿ, ಹಿಮ, ಎದುರಿಗಿನದು ಕಾಣದು. ಅಲ್ಲಿಂದ ಉತ್ತರಕ್ಕೆ ರಸ್ತೆ ಮುಚ್ಚಿದ್ದಾರೆ ಎಂದು ಎಲ್ಲರನ್ನೂ ಪೆಟ್ರೋಲ್ ಬಂಕಿನಲ್ಲಿ ಇಳಿಸಿದರು. ಬಂಕಿನ ಫೋನಿನಿಂದ ಮನೆಗೆ ಹೊಡೆದೆ, ಯಾರೂ ಎತ್ತಲಿಲ್ಲ. ಆಗ ಒಬ್ಬ ಹಳೆಯ ಪರಿಚಯದವನು ಸಿಕ್ಕ. ಅವನ ಹೆಸರು ನಿನಗೆ ಬೇಡ. ಬಾಯಿ ಬಿಡಲಿಲ್ಲ, ಬೇಕಾ ಎಂದು ಕಣ್ಣಲ್ಲೇ ಕೇಳಿದ.

ನಿನ್ನನ್ನು ಉಳಿಸಲು ಹೊರಟೆ ಎಂಬುದು ನಿಜ ಕ್ರಿಸ್ತಾ. ಹೊರಡಲು ಒಂದು ನೆಪ ಸಿಕ್ಕಿತು ಎಂದು ಒಳಗೊಳಗೇ ಹಗುರಾದದ್ದೂ ನಿಜ. ನಿನ್ನ ಹೆಸರು ಜಪಿಸುತ್ತ ಬಂದವನು ಅವನ ಹಿಂದೆ ಕಕ್ಕಸಿನ ಕಡೆ ನಡೆದೆ. ಬಾಗಿಲಿನ ಹಿಡಿಯ ಮೇಲೆ ನನ್ನ ಕೈ ಇತ್ತು.

ಅಷ್ಟರಲ್ಲಿ ಹೊರಗೆ ಯಾರೋ "ಅಯ್ಯಯ್ಯೋ, ಬಂತು, ಬಂತು!" ಎಂದು ಕೂಗಿದರು. ತಿರುಗಿ ನೋಡಿದರೆ, ಮುಚ್ಚಿದ ರಸ್ತೆಯ ಕಡೆಯಿಂದ ಕೌಂಟಿಯ ಹಿಮ ತಳ್ಳುವ ಲಾರಿ, ಅದರ ಬಾಲಕ್ಕೆ ಅಂಟಿಕೊಂಡು ನನ್ನ ಸುಬಾರು. ಲಾರಿ ನೆಟ್ಟಗೆ ಹೋಯಿತು. ಸುಬಾರು ನಿಂತಿದ್ದ ಬಸ್ಸು ಕಂಡು ಬಂಕಿಗೆ ತಿರುಗಿ, ಅಡ್ಡವಾಗಿ, ಪೂರ್ತಿ ಅಡ್ಡವಾಗಿ ಜಾರಿಕೊಂಡು ಬಂದು, ಪಂಪಿಗೆ ಒಂದು ಮೊಳ ದೂರದಲ್ಲಿ ನಿಂತಿತು. ಇಳಿದದ್ದು ಅಪ್ಪ. ಕೇಂದ್ರದವರು ಫೋನು ಮಾಡಿ ನಿಮ್ಮ ಮಗ ಹೋದ ಎಂದಿದ್ದರಂತೆ. ಮನೆಯ ಟ್ರಕ್ಕನ್ನು ನೀನು ಕೆಲಸಕ್ಕೆ ಒಯ್ದಿದ್ದೆ. ಇದ್ದದ್ದು ಇದೊಂದೇ. ಹಳೆಯ ಗೆಳೆಯ ಲಾರಿ ಓಡಿಸುತ್ತಿದ್ದಾನೆಂದು ಅವನ ಬೆನ್ನು ಹತ್ತಿ ಬಂದಿದ್ದಾನೆ.

ನನಗೆ ತೋಚಿದ್ದು ಒಂದೇ. ಓಡಿಹೋಗಿ ಹಿಮದ ಮೇಲೆ ಅಂಗಾತ ಬಿದ್ದು ಗಾಡಿಯ ಕೆಳಗೆ ತೂರಿದೆ. ಕೈಗವಸು ಕಿತ್ತೆಸೆದು ಮುಂದಿನ ಚಕ್ರದ ಒಳಮೈ ತಡವಿದೆ. ಹೊರಗಿನ ತುಂಡು ಇತ್ತು. ನೀಟಾಗಿ ಕತ್ತರಿಸಿ, ಅರ ತಿಕ್ಕಿ, ಬಣ್ಣ ಬಳಿದಿದ್ದ. ಆ ಕಡೆ ಹೋಗಿ ನೋಡಿದೆ, ಅಲ್ಲೂ ಇತ್ತು. ನಟ್ ಬಿಗಿದು, ಸಡಿಲವಾಗದಿರಲಿ ಎಂದು ಅಂಚನ್ನೂ ಬಡಿದು ಕೂರಿಸಿದ್ದ. ಓಟಕ್ಕೆಂದು ನೀನು ಬಳಿದುಕೊಂಡಿದ್ದೀಯ ಎಂದು ಅವನು ಬರೆದಿದ್ದ ನಿನ್ನ ಹೆಸರೂ ಗಾಡಿಯ ಬಾಗಿಲಿನ ಮೇಲೆ ಇರಲಿಲ್ಲ.

"ನಿಂಗೆ ಗೊತ್ತಿತ್ತು" ಎಂದೆ.

"ಮೂವತ್ತು ವರ್ಷ ಕೌಂಟಿ ಗ್ಯಾರೇಜಲ್ಲಿ ನಾನೇನ್ ಮಂಜು ತಿನ್ತಾ ಕೂತಿದ್ನಾ?"

"ಆ ನಡುವಿನ ಡಿಫರೆನ್ಷಿಯಲ್ಲು? ಅದೂ ಗೊತ್ತಿತ್ತಾ?"

"ಗೊತ್ತಿತ್ತು ಕಣೋ."

"ಮತ್ಯಾಕ್ ಸುಳ್ಳು ಬರ್ದೆ? ಹಾಸಿಗೆ ಬಿಟ್ಟು ಬಂದೆ ನಾನು! ಆ ಕಕ್ಕಸ್ ಬಾಗ್ಲಲ್ಲಿ ನಿಂತಿದ್ದೆ ನಾನು, ಈಗ, ಈಗ್ತಾನೇ! ಇನ್ನೈದು ನಿಮಿಷ ಲೇಟಾಗಿದ್ರೆ ನಿನ್ ಸುಳ್ಳೇ ನನ್ನ ಕೊಲ್ತಿತ್ತು!"

ಜನ ನೋಡುತ್ತಿದ್ದರು. ನಾನು ಇನ್ನೂ ಏನೇನೋ ಬೈದೆ. ಅಪ್ಪ ಕಕ್ಕಸಿನ ಬಾಗಿಲ ಕಡೆ ನೋಡಿದ, ನನ್ನ ಕಡೆ ನೋಡಿದ. ಹಿಮದ ಮೇಲೇ ಕೂತುಬಿಟ್ಟ. ಮೀಸೆಯಲ್ಲಿ ಮಂಜುಗಡ್ಡೆ ಕಟ್ಟಿತ್ತು. ಅಮ್ಮನ ಮಣ್ಣಿನ ದಿನವೂ ಅವನು ಅತ್ತದ್ದು ನಾನು ನೋಡಿರಲಿಲ್ಲ.

"ಇರು ಅಂದೆ, ಬರೀಲಿಲ್ಲ. ಬೇಡ್ಕೊಂಡೆ, ಬರೀಲಿಲ್ಲ. ಗುಜರಿ ಅಂದ ತಕ್ಷಣ ಬರ್ದೆ. ಬೈಯಕ್ಕಾದ್ರೂ ಇನ್ನೊಂದ್ ಕಾಗ್ದ ಬರೀಲಿ, ಬೈಯ್ತಿದ್ರೆ ಬದ್ಕಿದಾನೆ ಅಂತ ಗೊತ್ತಾಗತ್ತೆ ಅಂದ್ಕೊಂಡೆ. ನೀನು ಎದ್ದೇ ಬರ್ತೀಯ ಅಂತ ನಂಗ್ ಹೊಳೀಲಿಲ್ಲ ಮಗಾ. ಬುದ್ಧಿ ಓಡ್ಲಿಲ್ಲ ನಂಗೆ" ಎಂದ.

ನಾನು ಅವನ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದೆ. ನನ್ನ ಬೆನ್ನು ಚುರುಕ್ಕೆಂದಿತು. ಆ ಪರಿಚಯದವನು ಅಷ್ಟರಲ್ಲಿ ಎಲ್ಲೋ ಹೋಗಿದ್ದ. ಅವನು ಅಲ್ಲೇ ನಿಂತಿದ್ದರೆ ನಾನು ಏನು ಮಾಡುತ್ತಿದ್ದೆ ಎಂದು ಕೇಳಬೇಡ, ನನಗೆ ಗೊತ್ತಿಲ್ಲ.

ನಾನು ಮುಂದಿನ ಸೀಟಿನ ಬಾಗಿಲು ತೆಗೆದೆ. ಅಪ್ಪ ಮೂಗು ಒರೆಸಿಕೊಂಡು, "ಅಲ್ಲಲ್ಲ. ಹಿಂದೆ ಕೂತ್ಕೋ" ಎಂದ.

"ಯಾಕೆ?"

"ಎರಡೇ ಮೂಟೆ ಮರಳಿರೋದು, ಬಾಲ ನಿಲ್ತಿಲ್ಲ. ನಿನ್ ತೂಕ ಬೇಕು ನಂಗೆ."

ಹಿಂದೆ ಕೂತೆ. ದಕ್ಷಿಣಕ್ಕೆ, ವಾಪಸು ಎಸ್ಕನಾಬಾ ಕಡೆಯ ರಸ್ತೆ ತೆರೆದಿತ್ತು, ಆದರೂ ಸೈಕಲ್ಲಿಗಿಂತ ನಿಧಾನ. ಪ್ರತಿ ತಿರುವಿನಲ್ಲಿ ಬಾಲ ಬೀಸುತ್ತಿತ್ತು, ಪ್ರತಿ ಸಲ ಅಪ್ಪ ಹಿಡಿಯುತ್ತಿದ್ದ. "ಸ್ಟೇರಿಂಗ್ ತಿರುಗ್ಸೋದು ಜಾಸ್ತಿ ಆಯ್ತು" ಎಂದೆ. "ಬಾಯ್ಮುಚ್ಕೊಂಡ್ ಭಾರವಾಗ್ ಕೂತ್ಕೋ" ಎಂದ. ನಕ್ಕೆ. ಎಷ್ಟು ತಿಂಗಳಾಗಿತ್ತೋ.

ಕೇಂದ್ರದ ಬಾಗಿಲಲ್ಲಿ ನಾವಿಬ್ಬರೂ ಸಿಕ್ಕಿಬಿದ್ದ ಕಳ್ಳರ ಹಾಗೆ ನಿಂತೆವು. ಆಫೀಸಿನವಳು ಪುಸ್ತಕ ತೆರೆದು ನೋಡಿದಳು. ಸರದಿಯಲ್ಲಿದ್ದವನು ಆ ಹಿಮದಲ್ಲಿ ಬರಲಾಗದೆ ಮನೆಯಲ್ಲೇ ಉಳಿದಿದ್ದಾನಂತೆ, ಹಾಸಿಗೆ ಖಾಲಿ ಇದೆಯಂತೆ. "ಒಂದೇ ಸಲ. ಇನ್ನೊಂದ್ಸಲ ಇಲ್ಲ" ಎಂದಳು. ಆ ಇನ್ನೊಬ್ಬ ಎಲ್ಲಿದ್ದಾನೋ, ಹೇಗಿದ್ದಾನೋ. ಅವನ ಹಾಸಿಗೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.

ಈ ದಿನವೂ ಬಾಗಿಲ ಕಡೆ ನೋಡಿದೆ. ನಾಳೆಯೂ ನೋಡುತ್ತೇನೆ. ಏಪ್ರಿಲ್ ತನಕ ಇರುತ್ತೇನೆ ಎಂದು ನಿನಗೆ ಮಾತು ಕೊಡಲು ಧೈರ್ಯವಿಲ್ಲ. ಸಂಜೆ ಊಟದ ತನಕ ಇರುತ್ತೇನೆ, ಅಷ್ಟು ಹೇಳಬಲ್ಲೆ.

ಅಪ್ಪನಿಗೆ ಹೇಳು. ಇನ್ನು ಸುಳ್ಳು ಬೇಡ, ಗುಜರಿಯವನು ಬೇಡ, ಬೇರಿಂಗು ಬೇಡ. ನನ್ನಿಂದ ಕಾಗದ ಬೇಕೆನ್ನಿಸಿದಾಗ ಸುಮ್ಮನೆ "ಬರಿ" ಎಂದು ಒಂದು ಮಾತು ಬರೆದು ಅಂಚೆಗೆ ಹಾಕಲಿ. ಅದು ಕೈಗೆ ಬಂದ ದಿನ ಇಲ್ಲಿದ್ದರೆ, ಆ ದಿನವೇ ಬರೆಯುತ್ತೇನೆ.

ನಿನ್ನ ಅಣ್ಣ,
ಡೆರಿಕ್


ಕ್ಯಾಲುಮೆಟ್
ಫೆಬ್ರವರಿ 27

ಡೆರಿಕ್,

ಬರಿ.

ಅಪ್ಪ